ಮನೆಯಲ್ಲೊಂದು ಸರ್ವರ್: ಯಂತ್ರದ ಆಯ್ಕೆಯಲ್ಲಿ ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

ಕೆಳಗೆ ಅಂಗಡಿ ಅಥವಾ ವರ್ಕ್‌ಶಾಪ್, ಮೇಲೆ ಮನೆ ಎಂಬುದು ನಮ್ಮ ರಾಜ್ಯದ ಸಣ್ಣ ವ್ಯಾಪಾರಸ್ಥರಲ್ಲೂ ಉತ್ಪಾದಕರಲ್ಲೂ ಇಂದಿಗೂ ಕಾಣುವ ವ್ಯವಸ್ಥೆ. ಇಂತಹ ಮನೆಗಳಲ್ಲಿ ಈಗ ಸರ್ವರಿನ ಮಾತು ಬರುತ್ತಿದೆ. ಲೆಕ್ಕಪತ್ರದ ತಂತ್ರಾಂಶವು ನಾಲ್ಕೈದು ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ತೆರೆದುಕೊಳ್ಳಬೇಕು. ಸಂಸ್ಥೆಯ ಸರಕುಗಳ ಪಟ್ಟಿ ಮತ್ತು ಛಾಯಾಚಿತ್ರಗಳಿರುವ ಜಾಲತಾಣವೊಂದು ನಡೆಯಬೇಕು. ಕಾಲೇಜಿಗೆ ಹೋಗುವ ಮಗನೋ ಮಗಳೋ ಗೆಳೆಯರೊಡನೆ ಮೈನ್‌ಕ್ರಾಫ್ಟ್ ಆಡಲು ಅದೇ ಯಂತ್ರದಲ್ಲಿ ಒಂದಿಷ್ಟು ಜಾಗ ಕೇಳುತ್ತಾರೆ. ಮೂರಕ್ಕೂ ಸೇರಿ ಒಂದು ಯಂತ್ರ ಕೊಂಡರೆ ಖರ್ಚು ಉಳಿಯುತ್ತದೆಂಬ ಎಣಿಕೆ ಸಹಜವೇ. ಅದು ಎಷ್ಟರಮಟ್ಟಿಗೆ ಸರಿ, ಹಣವನ್ನು ಯಾವ ಭಾಗದ ಮೇಲೆ ಹೂಡಬೇಕು, ಎಲ್ಲಿ ಕೈ ಬಿಗಿಹಿಡಿಯಬಹುದು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಅಂಗಡಿಗೆ ಹೋದೊಡನೆ ಕೇಳಿಬರುವ ಪ್ರಶ್ನೆ ‘ಬಜೆಟ್ ಎಷ್ಟು?’ ಎಂಬುದು. ಖರೀದಿದಾರನು ಅದಕ್ಕೂ ಮುನ್ನ ತನಗೆ ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಈ ಯಂತ್ರ ಒಂದು ಬೆಳಿಗ್ಗೆ ಚಾಲೂ ಆಗದಿದ್ದರೆ ಯಾವ ಯಾವ ಕೆಲಸ ನಿಲ್ಲುತ್ತದೆ, ಎಷ್ಟು ದಿನ ನಿಲ್ಲಬಹುದು? ಆಟ ಒಂದು ವಾರ ನಿಂತರೆ ಮನೆಯಲ್ಲಿ ಮುನಿಸು, ಅಷ್ಟೇ. ಇಪ್ಪತ್ತನೆಯ ತಾರೀಖಿಗೆ ಜಿಎಸ್‌ಟಿ ವಿವರಪಟ್ಟಿ ಸಲ್ಲಿಸಬೇಕಾದವನ ಲೆಕ್ಕದ ಪುಸ್ತಕ ಹತ್ತೊಂಬತ್ತರಂದು ತೆರೆಯದಿದ್ದರೆ ಅದರ ಬೆಲೆ ಬಡ್ಡಿ, ವಿಳಂಬ ಶುಲ್ಕಗಳ ರೂಪದಲ್ಲಿ ಬರುತ್ತದೆ.

ಮೂರು ಕೆಲಸ, ಮೂರು ಸ್ವಭಾವ

ಸರ್ವರ್ ಎಂಬುದು ಒಂದು ವಿಶೇಷ ಜಾತಿಯ ಯಂತ್ರವಲ್ಲ. ಇತರ ಕಂಪ್ಯೂಟರುಗಳು ಕೇಳಿದ್ದನ್ನು ಒದಗಿಸುತ್ತ ಹಗಲಿರುಳು ಚಾಲೂ ಇರುವ ಕಂಪ್ಯೂಟರೇ ಸರ್ವರ್. ಆದರೆ ಏನನ್ನು ಒದಗಿಸುತ್ತದೆ ಎಂಬುದರ ಮೇಲೆ ಅದರ ಯಾವ ಅಂಗಕ್ಕೆ ಶ್ರಮ ಬೀಳುತ್ತದೆಂಬುದು ನಿರ್ಧಾರವಾಗುತ್ತದೆ.

ಬೆಂಗಳೂರಿನ ಟ್ಯಾಲಿಯಂತಹ ಲೆಕ್ಕಪತ್ರದ ತಂತ್ರಾಂಶವನ್ನು ಹಲವರು ಒಟ್ಟಿಗೆ ಬಳಸುವಾಗ ಡಿಸ್ಕಿನಲ್ಲಿ ಸಣ್ಣ ಸಣ್ಣ ಓದು-ಬರಹಗಳು ನಿರಂತರವಾಗಿ ನಡೆಯುತ್ತವೆ. ಇಲ್ಲಿ ಬೇಕಾದುದು ಚುರುಕಾದ ಡಿಸ್ಕ್ ಮತ್ತು ಒಳ್ಳೆಯ ಕೇಬಲ್. ‘ಸರ್ವರ್ ನಿಧಾನ’ ಎಂಬ ದೂರು ಬಂದಾಗ ಹೊಸ ಪ್ರೊಸೆಸರ್ ಹಾಕಿಸುವ ಮೊದಲು ಗೋಡೆಯ ಮೂಲೆಯಲ್ಲಿರುವ ಹಳೆಯ 100 ಮೆಗಾಬಿಟ್‌ನ ಸ್ವಿಚ್ಚನ್ನು ತೆಗೆದು ಗಿಗಾಬಿಟ್‌ನದನ್ನು ಹಾಕಿ ನೋಡುವುದು ಲೇಸು. ವೈ-ಫೈ ಮೂಲಕ ಲೆಕ್ಕದ ದತ್ತಾಂಶವನ್ನು ನೇರವಾಗಿ ತೆರೆಯುವುದಂತೂ ಸಲ್ಲದು. ನಡುವೆ ಸಂಪರ್ಕ ತಪ್ಪಿದರೆ ಬರೆಯುತ್ತಿದ್ದ ವೋಚರ್ ಅರ್ಧಕ್ಕೆ ನಿಂತು ದತ್ತಾಂಶವೇ ಕೆಡುವ ಸಂಭವವಿದೆ.

ಜಾಲತಾಣದ ಕೆಲಸ ಹಗುರವಾದುದು. ನೂರಿನ್ನೂರು ಸರಕುಗಳ ಪಟ್ಟಿಯುಳ್ಳ ತಾಣವನ್ನು ಹತ್ತು ವರ್ಷದ ಹಿಂದಿನ ಯಂತ್ರವೂ ಅನಾಯಾಸವಾಗಿ ನಡೆಸಬಲ್ಲುದು. ಅದಕ್ಕೆ ಬೇಕಾದುದು ಯಂತ್ರದ ಬಲವಲ್ಲ, ಎಡೆಬಿಡದ ವಿದ್ಯುತ್ತು ಮತ್ತು ಹೊರಗಿನಿಂದ ತಲುಪಬಹುದಾದ ಅಂತರಜಾಲ ವಿಳಾಸ. ಈ ಎರಡನೆಯದರಲ್ಲೇ ಮನೆಯ ಸರ್ವರ್ ಸೋಲುತ್ತದೆ. ಹಳೆಯ ಮಾದರಿಯ ಅಂತರಜಾಲ ವಿಳಾಸಗಳು ಏಷ್ಯಾ-ಪೆಸಿಫಿಕ್ ವಲಯದಲ್ಲಿ 2011ರ ಏಪ್ರಿಲ್ ಹೊತ್ತಿಗೇ ಬಹುತೇಕ ಹಂಚಿಕೆಯಾಗಿ ಹೋದವು. ಹೀಗಾಗಿ ಬ್ರಾಡ್‌ಬ್ಯಾಂಡ್ ಕಂಪನಿಗಳು ಒಂದೇ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚಿ ನಡೆಸುವುದು ರೂಢಿಯಾಗಿದೆ. ದೊಡ್ಡ ವಠಾರಕ್ಕೆ ಒಂದೇ ಅಂಚೆಪೆಟ್ಟಿಗೆ ಇದ್ದಂತೆ: ಒಳಗಿನಿಂದ ಪತ್ರ ಕಳಿಸಬಹುದು, ಹೊರಗಿನವನು ಇಂಥದೇ ಮನೆಗೆ ಎಂದು ನೇರವಾಗಿ ತಲುಪಿಸಲಾರ. ಸ್ಥಿರ ವಿಳಾಸಕ್ಕೆ ಪ್ರತ್ಯೇಕ ಶುಲ್ಕ ತೆರಬೇಕು. ಗ್ರಾಹಕರು ನೋಡುವ ಜಾಲತಾಣವನ್ನು ವರ್ಷಕ್ಕೆ ಕೆಲವು ಸಾವಿರ ರೂಪಾಯಿಗೆ ಸಿಗುವ ಹೋಸ್ಟಿಂಗ್ ಸೇವೆಯಲ್ಲಿ ಇರಿಸುವುದೇ ವ್ಯಾಪಾರಕ್ಕೆ ಮೇಲು. ವಿದ್ಯಾರ್ಥಿಯೊಬ್ಬ ಕಲಿಯಲೆಂದು ಮನೆಯಲ್ಲಿ ತಾಣ ನಡೆಸಿದರೆ ಅದು ಬೇರೆ ಮಾತು; ಅಂತಹ ಕಲಿಕೆಗೆ ಯಾರೂ ಅಡ್ಡಿ ಮಾಡಬಾರದು.

ಇನ್ನು ಆಟ. ಮೈನ್‌ಕ್ರಾಫ್ಟಿನ ಜಾವಾ ಆವೃತ್ತಿಯ ಸರ್ವರ್ ತನ್ನ ಲೋಕವನ್ನು ಸೆಕೆಂಡಿಗೆ 20 ಬಾರಿ ಲೆಕ್ಕ ಹಾಕುತ್ತದೆ. ಅಂದರೆ ಒಂದೊಂದು ಸುತ್ತಿಗೂ ಸಿಗುವ ಅವಧಿ 50 ಮಿಲಿಸೆಕೆಂಡ್. ಆ ಅವಧಿಯಲ್ಲಿ ಲೆಕ್ಕ ಮುಗಿಯದಿದ್ದರೆ ಆಟ ತಡವರಿಸುತ್ತದೆ. ಈ ಲೆಕ್ಕದ ಮುಖ್ಯ ಭಾಗ ಪ್ರೊಸೆಸರಿನ ಒಂದೇ ಕೋರಿನ ಮೇಲೆ ನಡೆಯುವುದರಿಂದ ಹದಿನಾರು ನಿಧಾನದ ಕೋರುಗಳಿಗಿಂತ ಆರು ವೇಗದ ಕೋರುಗಳು ಹೆಚ್ಚು ಪ್ರಯೋಜನಕಾರಿ. ಗೋಡೆ ಕಟ್ಟುವ ಗಾರೆಯವ ಒಬ್ಬನೇ ಆದಾಗ ಇಟ್ಟಿಗೆ ಹೊರಲು ಹದಿನೈದು ಆಳುಗಳಿದ್ದರೂ ಗೋಡೆ ಅವನ ಕೈ ಓಡಿದಷ್ಟೇ ಏಳುತ್ತದೆ. ಆಟದ ಸರ್ವರಿಗೆ ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಕೆಂಬುದು ಮತ್ತೊಂದು ತಪ್ಪು ಕಲ್ಪನೆ. ಚಿತ್ರ ಮೂಡುವುದು ಆಡುವವರ ಯಂತ್ರದಲ್ಲಿ, ಸರ್ವರಿನಲ್ಲಲ್ಲ.

ಮೆಮೊರಿ

ಲೆಕ್ಕಪತ್ರಕ್ಕೆ 16 ಜಿಬಿ ಮೆಮೊರಿ ಸಾಕು. ಇನ್ನೂ ಎರಡು ಕೆಲಸ ಸೇರಿದರೆ 32 ಜಿಬಿ ನೆಮ್ಮದಿ. ಅಳತೆಗಿಂತ ಮುಖ್ಯವಾದುದು ಇಸಿಸಿ ಎಂಬ ಗುಣ. ಸಾಮಾನ್ಯ ಮೆಮೊರಿಯಲ್ಲಿ ಒಂದು ಬಿಟ್ ತಾನಾಗಿ ಮಗುಚಿಕೊಂಡರೆ ಯಾರಿಗೂ ತಿಳಿಯದು. 1 ಇದ್ದುದು 0 ಆಗಿ ಡಿಸ್ಕಿಗೆ ಇಳಿಯುತ್ತದೆ. ಇಸಿಸಿ ಮೆಮೊರಿಯು ಸಾಂಪ್ರದಾಯಿಕವಾಗಿ 64 ಬಿಟ್‌ಗಳಿಗೆ 8 ಹೆಚ್ಚುವರಿ ಬಿಟ್‌ಗಳನ್ನು ಇಟ್ಟುಕೊಂಡು, ಒಂದು ಬಿಟ್‌ನ ದೋಷವನ್ನು ತಾನೇ ತಿದ್ದಿ, ಎರಡರ ದೋಷವನ್ನು ಪತ್ತೆಹಚ್ಚುತ್ತದೆ. ಲೆಡ್ಜರಿನಲ್ಲಿ ಅಡ್ಡ ಮೊತ್ತ, ಉದ್ದ ಮೊತ್ತ ಎರಡನ್ನೂ ಹಾಕಿ ತಾಳೆ ನೋಡುವ ಹಳೆಯ ಗುಮಾಸ್ತರ ಕ್ರಮಕ್ಕೆ ಇದು ಸಮಾನ. ಇದಕ್ಕೆ ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಎರಡರ ಬೆಂಬಲವೂ ಬೇಕು. ‘ಕೂರುತ್ತದೆ ಸಾರ್’ ಎಂದು ಅಂಗಡಿಯವರು ಹೇಳುವುದಕ್ಕೂ ಇಸಿಸಿ ಕಾರ್ಯ ನಿಜವಾಗಿ ನಡೆಯುವುದಕ್ಕೂ ವ್ಯತ್ಯಾಸವಿದೆ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ಮೆಮೊರಿಯ ಬೆಲೆ ತೀವ್ರವಾಗಿ ಏರಿತು. ಆದ್ದರಿಂದ ದರಪಟ್ಟಿಯ ಮೇಲೆ ಅದು ಎಷ್ಟು ದಿನ ಊರ್ಜಿತವೆಂದು ಬರೆಸಿಕೊಳ್ಳುವುದು ಅಗತ್ಯ.

ಡಿಸ್ಕ್: ಹಣ ಹೂಡಬೇಕಾದ ಸ್ಥಳ

ಯಂತ್ರದ ಉಳಿದೆಲ್ಲ ಭಾಗಗಳೂ ಮಾರುಕಟ್ಟೆಯಲ್ಲಿ ಮತ್ತೆ ಸಿಗುತ್ತವೆ. ಡಿಸ್ಕಿನೊಳಗಿನ ದತ್ತಾಂಶ ಸಿಗುವುದಿಲ್ಲ. ಆದ್ದರಿಂದ ಈ ಅಂಶವನ್ನು ತುಸು ವಿಸ್ತಾರವಾಗಿ ನೋಡಬೇಕು.

ಚಾಲ್ತಿ ಲೆಕ್ಕಕ್ಕೆ ಎಸ್‌ಎಸ್‌ಡಿ ಉತ್ತಮ. ಬರೆದಷ್ಟೂ ಅದು ಸವೆಯುತ್ತದೆಂಬ ಭಯ ಹಲವರಲ್ಲಿದೆ. 600 ಟೆರಾಬೈಟ್ ಬರೆಯುವ ಖಾತರಿಯಿರುವ ಎಸ್‌ಎಸ್‌ಡಿಗೆ ದಿನಕ್ಕೆ 40 ಜಿಬಿ ಬರೆದರೂ ವರ್ಷಕ್ಕಾಗುವುದು 14.6 ಟೆರಾಬೈಟ್. ಆ ಲೆಕ್ಕದಲ್ಲಿ ಖಾತರಿ ಮುಗಿಯಲು ನಲವತ್ತು ವರ್ಷ ಬೇಕು. ಕೊಂಡವರು ನಿವೃತ್ತರಾಗಿ ಬಹುಕಾಲ ಆಗಿರುತ್ತದೆ. ನಿಜವಾದ ಅಪಾಯ ಸವೆತವಲ್ಲ, ಬರೆಯುತ್ತಿರುವಾಗ ವಿದ್ಯುತ್ತು ಹೋಗುವುದು. ಸರ್ವರ್ ದರ್ಜೆಯ ಎಸ್‌ಎಸ್‌ಡಿಗಳಲ್ಲಿ ಸಣ್ಣ ಕೆಪಾಸಿಟರುಗಳಿದ್ದು, ವಿದ್ಯುತ್ತು ಕಡಿದ ಕ್ಷಣದಲ್ಲಿ ಕೈಯಲ್ಲಿದ್ದ ದತ್ತಾಂಶವನ್ನು ಬರೆದು ಮುಗಿಸುವಷ್ಟು ಶಕ್ತಿ ಕೊಡುತ್ತವೆ. ದರಪಟ್ಟಿ ಕೇಳುವಾಗ ಈ ರಕ್ಷಣೆ ಇದೆಯೇ ಎಂದು ವಿಚಾರಿಸಬೇಕು.

ನಕಲು ಪ್ರತಿ ಇಡಲು ಹಾರ್ಡ್ ಡಿಸ್ಕ್ ಅಗ್ಗ. ಇಲ್ಲೊಂದು ಸೂಕ್ಷ್ಮವಿದೆ. ಹೆಂಚು ಹೊದಿಸಿದಂತೆ ಒಂದರ ಅಂಚಿನ ಮೇಲೊಂದು ಪಟ್ಟಿ ಬರೆಯುವ ಎಸ್‌ಎಂಆರ್ ಎಂಬ ವಿಧಾನದಲ್ಲಿ ಜಾಗ ಹೆಚ್ಚು ಸಿಗುತ್ತದೆ, ಆದರೆ ಮತ್ತೆ ಮತ್ತೆ ತಿದ್ದಿ ಬರೆಯುವಾಗ ವೇಗ ಕುಸಿಯುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯ ರೆಡ್ ಸರಣಿಯ ಕೆಲವು ಡಿಸ್ಕುಗಳಲ್ಲಿ ಈ ವಿಧಾನ ಬಳಕೆಯಾಗಿದ್ದುದು ಬೆಳಕಿಗೆ ಬಂದು ಗ್ರಾಹಕರು ಆಕ್ಷೇಪಿಸಿದ ಮೇಲೆ, ಸಿಎಂಆರ್ ವಿಧಾನದವುಗಳನ್ನು ರೆಡ್ ಪ್ಲಸ್ ಎಂಬ ಹೆಸರಿನಲ್ಲಿ ಬೇರ್ಪಡಿಸಲಾಯಿತು. ಸರ್ವರಿಗೆ ಸಿಎಂಆರ್ ಎಂದು ಸ್ಪಷ್ಟವಾಗಿ ನಮೂದಾದುದನ್ನೇ ಕೊಳ್ಳಬೇಕು.

ಎರಡು ಡಿಸ್ಕುಗಳಲ್ಲಿ ಏಕಕಾಲಕ್ಕೆ ಒಂದೇ ದತ್ತಾಂಶ ಬರೆಯುವ ರೇಡ್-1 ವ್ಯವಸ್ಥೆಯನ್ನು ಅನೇಕರು ಬ್ಯಾಕಪ್ ಎಂದೇ ತಿಳಿದಿದ್ದಾರೆ. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಅವರು 1988ರಲ್ಲಿ ಮಂಡಿಸಿದ ರೇಡ್ ಪ್ರಬಂಧದ ಉದ್ದೇಶವು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದಾಗಿತ್ತು. ಗುಮಾಸ್ತನು ಕೈತಪ್ಪಿ ಒಂದು ಕಂಪನಿಯ ದತ್ತಾಂಶವನ್ನೇ ಅಳಿಸಿದರೆ ರೇಡ್ ಅದನ್ನು ಎರಡೂ ಡಿಸ್ಕುಗಳಿಂದ ಬಹು ನಿಷ್ಠೆಯಿಂದ ಅಳಿಸುತ್ತದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಹರಡಿ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಆ ದಾಳಿ ನುಸುಳಿದ ರಂಧ್ರಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚಿನಲ್ಲೇ ತೇಪೆ ಬಿಡುಗಡೆ ಮಾಡಿತ್ತು. ಹಾಕಿಕೊಂಡಿರದ ಯಂತ್ರಗಳು ಬಲಿಯಾದವು. ಇಂತಹ ತಂತ್ರಾಂಶಕ್ಕೆ ಕೈಗೆಟುಕುವ ಡಿಸ್ಕುಗಳೆಲ್ಲವೂ ಒಂದೇ. ಸರ್ವರಿಗೆ ಸದಾ ಅಂಟಿಕೊಂಡಿರುವ ಬ್ಯಾಕಪ್ ಡಿಸ್ಕೂ ಅದರ ಕೈಗೆ ಸಿಗುತ್ತದೆ.

ಆದ್ದರಿಂದ ಹಳೆಯ ನಿಯಮವೇ ಸರಿ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಕಟ್ಟಡದ ಹೊರಗೆ. ಎರಡು ಹೊರ ಡಿಸ್ಕುಗಳನ್ನು ಕೊಂಡು ವಾರಕ್ಕೊಂದರಂತೆ ಅದಲು ಬದಲು ಮಾಡಿ, ಒಂದನ್ನು ಕೇಬಲ್ ಕಿತ್ತು ಬೇರೆಡೆ ಇಡುವುದು ಕಡಿಮೆ ಖರ್ಚಿನ ಮಾರ್ಗ. ಕನಿಷ್ಠ ಮೂರು ತಿಂಗಳಿಗೊಮ್ಮೆ ಆ ಪ್ರತಿಯಿಂದ ಬೇರೊಂದು ಕಂಪ್ಯೂಟರಿನಲ್ಲಿ ಲೆಕ್ಕ ತೆರೆದು, ಟ್ರಯಲ್ ಬ್ಯಾಲೆನ್ಸ್ ತಾಳೆ ನೋಡಬೇಕು. ತೆರೆದು ನೋಡದ ಬ್ಯಾಕಪ್ಪು ಎಣಿಸಿ ನೋಡದ ನಗದು ಪೆಟ್ಟಿಗೆಯಂತೆ. ಪುಸ್ತಕದಲ್ಲಿ ಶಿಲ್ಕು ಇರುತ್ತದೆ, ಪೆಟ್ಟಿಗೆಯಲ್ಲಿ ಇದೆಯೋ ಇಲ್ಲವೋ ಗೊತ್ತಿರುವುದಿಲ್ಲ.

ಇದು ಕೇವಲ ಜಾಣತನದ ಮಾತಲ್ಲ, ಕಾನೂನಿನ ಮಾತೂ ಹೌದು. ಖಾಸಗಿ ನಿಯಮಿತ ಕಂಪನಿಗಳೂ ಸೇರಿದಂತೆ ಎಲ್ಲ ಕಂಪನಿಗಳು ತಮ್ಮ ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದ ನೆಲದಲ್ಲಿರುವ ಸರ್ವರಿನಲ್ಲಿ ಪ್ರತಿದಿನವೂ ಇಡಬೇಕೆಂದು 2022ರ ಆಗಸ್ಟಿನಲ್ಲಿ ನಿಯಮ ತಿದ್ದುಪಡಿಯಾಯಿತು. ಮೊದಲು ‘ನಿಯತಕಾಲಿಕವಾಗಿ’ ಎಂದಷ್ಟೇ ಇತ್ತು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ದಾಖಲಾಗುವುದೂ ಕಡ್ಡಾಯ. ಕಂಪನಿ ಕಾಯಿದೆಯಂತೆ ಲೆಕ್ಕಪುಸ್ತಕಗಳನ್ನು 8 ಹಣಕಾಸು ವರ್ಷಗಳ ಕಾಲ ಕಾಪಾಡಬೇಕು. ಜಿಎಸ್‌ಟಿ ನೋಂದಣಿಯುಳ್ಳ ಎಲ್ಲರೂ, ಏಕವ್ಯಕ್ತಿ ಮಾಲೀಕತ್ವದವರೂ ಪಾಲುದಾರಿಕೆಯವರೂ ಸೇರಿ, ವಾರ್ಷಿಕ ವಿವರಪಟ್ಟಿಯ ಅಂತಿಮ ದಿನದಿಂದ 72 ತಿಂಗಳು ದಾಖಲೆಗಳನ್ನು ಇಟ್ಟಿರಬೇಕು. ಯಂತ್ರದ ಆಯುಸ್ಸಿಗಿಂತ ದಾಖಲೆಯ ಆಯುಸ್ಸು ದೊಡ್ಡದು ಎಂಬುದನ್ನು ನೆನಪಿಟ್ಟೇ ಡಿಸ್ಕಿನ ಅಳತೆ ನಿಶ್ಚಯಿಸಬೇಕು.

ಆಟ ಮತ್ತು ಲೆಕ್ಕ ಒಂದೇ ಯಂತ್ರದಲ್ಲಿ ಬೇಡ

ಒಂದೇ ಯಂತ್ರದ ಎಣಿಕೆ ಮುರಿದುಬೀಳುವುದು ಇಲ್ಲಿ. 2021ರ ಡಿಸೆಂಬರ್ 9ರಂದು ಲಾಗ್4ಜೆ ಎಂಬ ಉಚಿತ ತಂತ್ರಾಂಶ ಘಟಕದ ದೋಷ ಬಹಿರಂಗವಾಯಿತು. ಜಗತ್ತಿನ ಅಸಂಖ್ಯ ಸರ್ವರುಗಳಲ್ಲಿ ಅಡಗಿದ್ದ ಈ ದೋಷ ಮೊದಲು ಎದ್ದು ಕಂಡ ಸ್ಥಳಗಳಲ್ಲಿ ಮೈನ್‌ಕ್ರಾಫ್ಟ್ ಸರ್ವರುಗಳೂ ಸೇರಿದ್ದವು. ಆಟದ ಹರಟೆ ಪೆಟ್ಟಿಗೆಯಲ್ಲಿ ಒಂದು ನಿರ್ದಿಷ್ಟ ಸಾಲನ್ನು ಬರೆದರೆ ಸಾಕು, ಎಲ್ಲೋ ಕುಳಿತ ಅಪರಿಚಿತನು ಆ ಸರ್ವರಿನಲ್ಲಿ ತನ್ನ ಆಜ್ಞೆಗಳನ್ನು ನಡೆಸಬಹುದಾಗಿತ್ತು. ಮರುದಿನವೇ ತಿದ್ದಿದ ಆವೃತ್ತಿ ಬಂತು. ಆದರೆ ಪರೀಕ್ಷೆಗೆ ಓದುತ್ತಿರುವ ಮಗ ಅಂದೇ ಅದನ್ನು ಹಾಕಿಕೊಂಡಿರುತ್ತಾನೆಂಬ ಭರವಸೆ ಯಾರಿಗೂ ಇಲ್ಲ. ಅದೇ ಯಂತ್ರದಲ್ಲಿ ಸಂಸ್ಥೆಯ ಲೆಕ್ಕ, ಗಿರಾಕಿಗಳ ಪಟ್ಟಿ, ಬ್ಯಾಂಕಿನ ಕಡತಗಳು ಇದ್ದಿದ್ದರೆ?

ಆಟದ ಲೋಕಕ್ಕೆ ಇನ್ನೊಂದು ಕಿರುಕುಳವೂ ಉಂಟು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡು ಅಮೆರಿಕದ ಅಂತರಜಾಲವನ್ನೇ ಕೆಲಗಂಟೆ ಅಲುಗಿಸಿತು. 2017ರ ಡಿಸೆಂಬರಿನಲ್ಲಿ ಅದರ ಸಂಬಂಧ ತಪ್ಪೊಪ್ಪಿಕೊಂಡ ಮೂವರು ಯುವಕರ ಹಿನ್ನೆಲೆಯಲ್ಲಿ ಇದ್ದುದು ಮೈನ್‌ಕ್ರಾಫ್ಟ್ ಸರ್ವರುಗಳ ವ್ಯವಹಾರದ ಪೈಪೋಟಿ. ಸೋತ ಆಟಗಾರನು ಎದುರಾಳಿಯ ಸರ್ವರಿಗೆ ದಟ್ಟಣೆ ಹರಿಸಿ ಮುಳುಗಿಸುವುದು ಆ ವಲಯದಲ್ಲಿ ಅಪರೂಪವಲ್ಲ. ಮುಳುಗುವುದು ಆಟ ಮಾತ್ರವಲ್ಲ. ಅದೇ ಬ್ರಾಡ್‌ಬ್ಯಾಂಡ್ ತಂತಿಯಲ್ಲಿ ಇ-ವೇ ಬಿಲ್ ತೆಗೆಯಲು ಕಾದಿರುವ ಲಾರಿಯೂ ನಿಲ್ಲುತ್ತದೆ.

ಹೀಗಾಗಿ ಲೆಕ್ಕಕ್ಕೆ ಒಂದು ಯಂತ್ರ, ಆಟಕ್ಕೂ ಕಲಿಕೆಯ ಜಾಲತಾಣಕ್ಕೂ ಮತ್ತೊಂದು ಎಂಬುದೇ ವಿವೇಕದ ತೀರ್ಮಾನ. ಎರಡನೆಯದು ಹೊಸದಾಗಿರಬೇಕಿಲ್ಲ. ಬದಿಗಿಟ್ಟ ಲ್ಯಾಪ್‌ಟಾಪಿಗೆ ಮೆಮೊರಿ ಸೇರಿಸಿ ಲಿನಕ್ಸ್ ಹಾಕಿದರೂ ಎಂಟು-ಹತ್ತು ಗೆಳೆಯರ ಆಟಕ್ಕೆ ಬಹುಮಟ್ಟಿಗೆ ಸಾಕು. ಅದರ ಬ್ಯಾಟರಿಯೇ ಯುಪಿಎಸ್ ಆಗುತ್ತದೆ. ಅದನ್ನು ರೂಟರಿನಲ್ಲಿ ಪ್ರತ್ಯೇಕ ಜಾಲದಲ್ಲಿರಿಸಿ, ಲೆಕ್ಕದ ಸರ್ವರ್ ಅದಕ್ಕೆ ಕಾಣದಂತೆ ಮಾಡಿಸಬೇಕು. ಲೆಕ್ಕದ ಸರ್ವರಿಗೆ ಹೊರಗಿನಿಂದ ನೇರ ಬಾಗಿಲು ತೆರೆಯಲೇ ಕೂಡದು. ಊರಿಂದೂರಿಗೆ ಹೋದಾಗ ಲೆಕ್ಕ ನೋಡಬೇಕಿದ್ದರೆ ವಿಪಿಎನ್ ಮೂಲಕವೇ ಬರಬೇಕು. ಸೈಬರ್ ದಾಳಿಯನ್ನು ತಿಳಿದ 6 ಗಂಟೆಗಳೊಳಗೆ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕು, 180 ದಿನಗಳ ಲಾಗ್ ದಾಖಲೆ ಇಟ್ಟಿರಬೇಕು ಎಂಬ 2022ರ ಏಪ್ರಿಲ್ 28ರ ನಿರ್ದೇಶನವು ಕಂಪನಿಗಳಿಗೂ ಅನ್ವಯಿಸುತ್ತದೆ.

ವಿದ್ಯುತ್ತು, ಶಾಖ, ಧೂಳು

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಂತಹ ಮಾರುಕಟ್ಟೆಗಳಲ್ಲಿ ದೊಡ್ಡ ಕಂಪನಿಗಳು ಬಿಟ್ಟುಕೊಟ್ಟ ರ‍್ಯಾಕ್ ಸರ್ವರುಗಳು ಆಕರ್ಷಕ ಬೆಲೆಗೆ ದೊರೆಯುತ್ತವೆ. ಕೊಳ್ಳುವ ಬೆಲೆಯ ಪಕ್ಕದಲ್ಲಿ ಸಾಕುವ ಬೆಲೆಯನ್ನೂ ಬರೆದುಕೊಳ್ಳಬೇಕು. ಹಗಲಿರುಳು 180 ವ್ಯಾಟ್ ಎಳೆಯುವ ಹಳೆಯ ಸರ್ವರ್ ವರ್ಷಕ್ಕೆ 1,577 ಯೂನಿಟ್ ಬಳಸುತ್ತದೆ. 40 ವ್ಯಾಟಿನ ಹೊಸ ಸಣ್ಣ ಯಂತ್ರ ಬಳಸುವುದು 350 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ ಸುಮಾರು 9,800 ರೂಪಾಯಿಯ ಅಂತರ, ಐದು ವರ್ಷಕ್ಕೆ 49,000. ಎಳೆದ ವಿದ್ಯುತ್ತೆಲ್ಲ ಕೊನೆಗೆ ಕೋಣೆಯಲ್ಲಿ ಶಾಖವಾಗುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್ ತಿಂಗಳಲ್ಲಿ ಆ ಶಾಖವನ್ನು ಹೊರಹಾಕಲು ಮತ್ತೆ ವಿದ್ಯುತ್ತು ಬೇಕು. ರ‍್ಯಾಕ್ ಸರ್ವರಿನ ಸಣ್ಣ ಫ್ಯಾನುಗಳ ಸದ್ದಿನಲ್ಲಿ ಮನೆಯವರು ಮಲಗಲಾರರು ಎಂಬುದು ಬೇರೆ.

ಯುಪಿಎಸ್ ಇಲ್ಲದೆ ಸರ್ವರ್ ಬೇಡ. ಪೆಟ್ಟಿಗೆಯ ಮೇಲಿನ 600 ವಿಎ ಎಂಬುದನ್ನು 600 ವ್ಯಾಟ್ ಎಂದು ಓದಬಾರದು, 0.6 ಪವರ್ ಫ್ಯಾಕ್ಟರ್ ಇದ್ದರೆ ಅದು 360 ವ್ಯಾಟ್ ಮಾತ್ರ. ಯುಪಿಎಸ್‌ನಿಂದ ಸರ್ವರಿಗೆ ಯುಎಸ್‌ಬಿ ಕೇಬಲ್ ಜೋಡಿಸಿ, ಬ್ಯಾಟರಿ ಇಳಿದಾಗ ಯಂತ್ರ ತಾನಾಗಿ ಕ್ರಮಬದ್ಧವಾಗಿ ಮುಚ್ಚುವಂತೆ ಹೊಂದಿಸಬೇಕು. ಈ ಕೇಬಲ್ ಬಹುತೇಕ ಕಡೆ ಪೆಟ್ಟಿಗೆಯಲ್ಲೇ ಉಳಿದಿರುತ್ತದೆ. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಅಳೆಸಬೇಕು. ಅಕ್ಕಿ ಗಿರಣಿಯ ತೌಡು, ಹತ್ತಿ ಜಿನ್ನಿಂಗಿನ ನಾರು, ಫೌಂಡ್ರಿಯ ಮರಳಿನ ಧೂಳು, ಕರಾವಳಿಯ ಉಪ್ಪುಗಾಳಿ ಎಲ್ಲವೂ ಯಂತ್ರಕ್ಕೆ ಶತ್ರುಗಳೇ. ಮಹಡಿಯ ಮೇಲಿನ ಗಾಳಿಯಾಡುವ ಕೋಣೆ ಇದ್ದುದರಲ್ಲಿ ಉತ್ತಮ. ಹಿಂಬದಿಯ ಖಾಲಿ ಕಿಂಡಿಗಳನ್ನು ಪಟ್ಟಿಯಿಂದ ಮುಚ್ಚಿಸಬೇಕು. ಬೆಚ್ಚಗಿನ ಪವರ್ ಸಪ್ಲೈ ಪೆಟ್ಟಿಗೆಯಲ್ಲಿ ಹಲ್ಲಿ ಸೇರಿ ಸುಟ್ಟುಹೋದ ಯಂತ್ರಗಳ ಬಗ್ಗೆ ರಿಪೇರಿಯವರನ್ನು ಕೇಳಬಹುದು.

ಬಿಲ್ಲು ಮತ್ತು ತೆರಿಗೆ

1961ರ ಆದಾಯ ತೆರಿಗೆ ಕಾಯಿದೆಯಡಿ ಕಂಪ್ಯೂಟರುಗಳ ಸವಕಳಿ ದರ ಮೊದಲು ಶೇಕಡಾ 60 ಇದ್ದು, 2017ರ ಏಪ್ರಿಲ್ 1ರಿಂದ ಶೇಕಡಾ 40ಕ್ಕೆ ಇಳಿಯಿತು. ಖರೀದಿಯ ವರ್ಷ 180 ದಿನಗಳಿಗಿಂತ ಕಡಿಮೆ ಬಳಸಿದರೆ ಅದರ ಅರ್ಧ ಮಾತ್ರ. ಹೀಗಾಗಿ ದೀಪಾವಳಿಗೆ ಕಾಯದೆ ಸೆಪ್ಟೆಂಬರಿನೊಳಗೆ ಕೊಂಡು ಚಾಲೂ ಮಾಡಿದವರಿಗೆ ಅನುಕೂಲ. ಒಬ್ಬರಿಗೆ ಒಂದೇ ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಆ ಮೊತ್ತ ಆಸ್ತಿಯ ವೆಚ್ಚಕ್ಕೇ ಸೇರದು. 2025ರ ಹೊಸ ಆದಾಯ ತೆರಿಗೆ ಕಾಯಿದೆಯ ಜಾರಿ ದಿನಾಂಕ 2026ರ ಏಪ್ರಿಲ್ 1 ಆಗಿರುವುದರಿಂದ, ನಂತರದ ಖರೀದಿಗೆ ಹೊಸ ಕಾಯಿದೆಯ ಕಲಮು ಮತ್ತು ದರಗಳನ್ನು ನೋಡಿಕೊಳ್ಳಬೇಕು. ಕಂಪನಿ ಕಾಯಿದೆಯ ಎರಡನೆಯ ಅನುಸೂಚಿ ಸರ್ವರ್ ಮತ್ತು ಜಾಲ ಸಾಧನಗಳಿಗೆ 6 ವರ್ಷ, ಡೆಸ್ಕ್‌ಟಾಪ್ ಮತ್ತು ಲ್ಯಾಪ್‌ಟಾಪುಗಳಿಗೆ 3 ವರ್ಷ ಆಯುಸ್ಸು ಹೇಳುತ್ತದೆ. ಬಿಲ್ಲಿನಲ್ಲಿ ಯಾವ ಹೆಸರಿದೆ ಎಂಬುದು ಆಗ ಪ್ರಸ್ತುತವಾಗುತ್ತದೆ.

ಜಿಎಸ್‌ಟಿಯಲ್ಲಿ ಶೇಕಡಾ 18ರ ತೆರಿಗೆಯನ್ನು ಜಮೆಯಾಗಿ ಪಡೆಯಬಹುದು. ಆ ತೆರಿಗೆಯ ಮೊತ್ತವನ್ನೂ ಆಸ್ತಿಯ ಬೆಲೆಗೆ ಸೇರಿಸಿ ಸವಕಳಿ ತೆಗೆದರೆ ಜಮೆ ಸಿಗದು. ಯಂತ್ರವನ್ನು ವ್ಯಾಪಾರಕ್ಕೂ ಮನೆಯ ಬಳಕೆಗೂ ಹಂಚಿಕೊಂಡರೆ ಜಮೆಯೂ ಸವಕಳಿಯೂ ವ್ಯಾಪಾರದ ಪಾಲಿಗೆ ಮಾತ್ರ ಸೀಮಿತ. ಆ ಪಾಲು ಎಷ್ಟೆಂದು ಅಧಿಕಾರಿಯ ಮುಂದೆ ಸಮರ್ಥಿಸುವ ಹೊಣೆ ತೆರಿಗೆದಾರನದು. ಎರಡು ಯಂತ್ರಗಳಾದರೆ ಈ ತಕರಾರೇ ಇಲ್ಲ. ಲೆಕ್ಕದ ಸರ್ವರಿನ ಬಿಲ್ಲು ಸಂಸ್ಥೆಯ ಹೆಸರಿನಲ್ಲಿ, ಜಿಎಸ್‌ಟಿ ಸಂಖ್ಯೆಯೊಡನೆ, ಬ್ಯಾಂಕಿನ ಮೂಲಕ ಪಾವತಿಯಾಗಲಿ. ಆಟದ ಯಂತ್ರಕ್ಕೆ ತಗಲುವ ಮೆಮೊರಿ, ಡಿಸ್ಕುಗಳ ಬಿಲ್ಲು ಮನೆಯ ಹೆಸರಿನಲ್ಲಿ ಬಂದು ಮಾಲೀಕರ ಡ್ರಾಯಿಂಗ್ಸ್ ಖಾತೆಗೆ ಖರ್ಚು ಬೀಳಲಿ.